ಪದ ಬೇಕು: ‘ಅಳಿಸಬೇಡಿ’ ಎಂಬ ಕೋರಿಕೆಗೆ ಏನೆನ್ನುವುದು?

ಸಂಜೆಯೊಳಗೆ ಒಂದು ಅನುವಾದ ಒಪ್ಪಿಸಬೇಕಿದೆ. 2001ರ ಬುಡಾಪೆಸ್ಟ್ ಸೈಬರ್ ಅಪರಾಧ ಒಪ್ಪಂದದ 29ನೆಯ ವಿಧಿ. ಸಾಕ್ಷ್ಯ ಇನ್ನೊಂದು ದೇಶದ ಸರ್ವರ್‌ನಲ್ಲಿದ್ದರೆ, ವಿಧಿವತ್ತಾದ ಕೋರಿಕೆ ತಲುಪುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಆದ್ದರಿಂದ ಮೊದಲು ‘ಪ್ರಿಸರ್ವೇಶನ್’, ಅಂದರೆ ಇದ್ದದ್ದನ್ನು ಇದ್ದ ಹಾಗೆಯೇ ಉಳಿಸಿಡುವಂತೆ, ಕೇಳಿಕೊಳ್ಳಬಹುದು. ಕನಿಷ್ಠ 60 ದಿನ ಅದು ಹಾಗೆಯೇ ಇರಬೇಕು. ‘ದತ್ತಾಂಶ ಸಂರಕ್ಷಣೆ’ ಎಂದು ಬರೆದೆ. ಓದಿದವರು ಖಾಸಗಿತನದ ಕಾಯಿದೆ ಎಂದುಕೊಂಡರು. ‘ಪರಸ್ಪರ ಕಾನೂನು ನೆರವು’ ಎಂಬುದನ್ನಂತೂ ಬಡವರಿಗೆ ಸಿಗುವ ಉಚಿತ ವಕೀಲರ ಸೇವೆ ಎಂದೇ ತಿಳಿದರು! ಅದನ್ನು ‘ದೇಶಗಳ ನಡುವಣ ಕಾನೂನು ಸಹಕಾರ’ ಎಂದು ತಿದ್ದಿ ಪಾರಾದೆ. ‘ಪ್ರಿಸರ್ವೇಶನ್’ಗೆ ಮಾತ್ರ ದಾರಿ ಕಾಣುತ್ತಿಲ್ಲ.

ಮರು: ‘ಕಾಪಿಡುವಿಕೆ’. ಕಾಯ್, ಕಾಪು, ಕಾವಲು, ಕಾಪಾಡು ಎಲ್ಲ ಒಂದೇ ಬೇರಿನವು. ಹೊರಗೆ ಹುಡುಕುವ ಅಗತ್ಯವೇ ಇಲ್ಲ. ‘ದತ್ತಾಂಶ’ವನ್ನೂ ಬಿಡಿ. ದತ್ತ ಎಂದರೆ ಕೊಟ್ಟದ್ದು. ಇಲ್ಲಿ ಯಾರೂ ಏನನ್ನೂ ಕೊಟ್ಟಿಲ್ಲ, ಕೊಡುತ್ತಾರೋ ಇಲ್ಲವೋ ಎಂಬುದೇ ವ್ಯಾಜ್ಯ.

ಮರು: ಬೇರು ಚೆನ್ನಾಗಿದೆ, ಅರ್ಥ ತಪ್ಪಿದೆ. ಮುಂದೆ ಬೇಕಾದೀತೆಂದು ಎಲ್ಲ ಬಳಕೆದಾರರ ಮಾಹಿತಿಯನ್ನು ಕೂಡಿಡುವುದು ‘ರಿಟೆನ್ಶನ್’. ಈಗಾಗಲೇ ಇರುವ, ಇಂಥದ್ದೇ ಎಂದು ಗುರುತಿಸಿದ ಮಾಹಿತಿಯನ್ನು ಮುಟ್ಟದೆ ಬಿಡುವುದು ‘ಪ್ರಿಸರ್ವೇಶನ್’. ಒಪ್ಪಂದದ ವಿವರಣಾ ವರದಿಯೇ ಇವೆರಡನ್ನು ಬೇರ್ಪಡಿಸುತ್ತದೆ. ಕಾಪಿಡು ಎಂದರೆ ಓದುಗ ಮೊದಲನೆಯದನ್ನೇ ನೆನೆಯುತ್ತಾನೆ. ನ್ಯಾಯಾಲಯಗಳಲ್ಲಿ ಸವೆದ ‘ಯಥಾಸ್ಥಿತಿ’ ಇರುವಾಗ ಹೊಸದೇಕೆ? ‘ಯಥಾಸ್ಥಿತಿ ಕೋರಿಕೆ’ ಎನ್ನಿ.

ಮರು: ಮತ್ತೆ ಸಂಸ್ಕೃತ. ನಿರೀಕ್ಷಿಸಿದ್ದೆ.

ಮರು: ಹಾಗಾದರೆ ‘ಕಾನೂನು’ ಕೂಡ ಹೋಗಲಿ. ಗ್ರೀಕರ ‘ಕನೋನ್’ ಅರಬ್ಬಿಗೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ ಬಂದದ್ದು. ಜಪ್ತಿ, ಅರ್ಜಿ, ವಕೀಲ, ಇವರನ್ನೆಲ್ಲ ಯಾವ ಬಾಗಿಲಿನಿಂದ ಕಳುಹಿಸುತ್ತೀರಿ?

ಮರು: ಕಾನೂನಿಗೆ ‘ಕಟ್ಟಲೆ’ ಇದೆ. ಉಳಿದವಕ್ಕೂ ಇವೆ. ಹುಡುಕುವ ಮನಸ್ಸು ಬೇಕು.

ಮರು: ಸಾಕ್ಷ್ಯ ಗಡಿ ದಾಟಿದರೆ ಅದನ್ನು ತರಲು ಒಪ್ಪಂದವಾದರೂ ಇದೆ. ಪದ ಗಡಿ ದಾಟಿ ಬಂದರೆ ನಿಮ್ಮಲ್ಲಿ ನೇರ ಗಡೀಪಾರು.

ಮರು: ಕೇಳಿದವನು ನಾನು. ಗಂಟೆ ಆರಾಯಿತು. ‘ಯಥಾಸ್ಥಿತಿ’ ಎಂದರೆ ಜಮೀನಿನ ಮೊಕದ್ದಮೆ ಎಂದುಕೊಂಡಾರೆಂಬ ಅಳುಕಿನಿಂದ ‘ಮಾಹಿತಿ ಅಳಿಸದಿರುವ ಕೋರಿಕೆ’ ಎಂದು ಬರೆದು ಕಳುಹಿಸಿಬಿಟ್ಟೆ. ಇಬ್ಬರಿಗೂ ವಂದನೆ.

ಮರು: ಅಳಿಸದಿದ್ದರೆ ಸಾಲದು, ತಿದ್ದಲೂಬಾರದು. ಒಪ್ಪಂದದಲ್ಲಿ ಎರಡೂ ಇವೆ. ‘ಯಥಾಸ್ಥಿತಿ’ಯಲ್ಲಿ ಎರಡೂ ಅಡಗಿದ್ದವು.

ಮರು: ‘ಕಾಪಿಡುವಿಕೆ’ಯಲ್ಲೂ.