ಸಹಾಯ ಬೇಕು: ಜೇಷ್ಠಮಧು ಸಾರದ ಟೈರೋಸಿನೇಸ್ ಪರೀಕ್ಷೆ ಕೈಕೊಡುತ್ತಿದೆ

ಎಲ್ಲರಿಗೂ ನಮಸ್ಕಾರ. ಮುಖದ ಬಂಗಿಗೆ (ಕಪ್ಪು ಕಲೆಗೆ) ಹಚ್ಚುವ ಲೇಪಕ್ಕಾಗಿ ಜೇಷ್ಠಮಧು ಬೇರಿನಲ್ಲಿರುವ ಗ್ಲಾಬ್ರಿಡಿನ್ ಎಂಬ ಅಂಶವನ್ನು ಪರೀಕ್ಷಿಸುತ್ತಿದ್ದೇವೆ: ಚರ್ಮದ ಬಣ್ಣ ತಯಾರಿಸುವ ಟೈರೋಸಿನೇಸ್ ಕಿಣ್ವವನ್ನು ಅದು ಎಷ್ಟು ತಡೆಯುತ್ತದೆ ಎಂದು. ಸ್ಟೀರಾಯ್ಡ್ ಬೆರೆತ ಕ್ರೀಮಿನಿಂದ ಚರ್ಮ ತೆಳುವಾಗಿಸಿಕೊಂಡವರನ್ನು ನೋಡಿದರೆ ಸಂಕಟವಾಗುತ್ತದೆ, ಅದಕ್ಕೇ ಈ ಕೆಲಸ ಸರಿಯಾಗಿ ಆಗಬೇಕು.

ವಿಧಾನ ಇದು: 10 ಗ್ರಾಂ ಪುಡಿ, 100 ಮಿ.ಲೀ. 95% ಎಥನಾಲ್, 24 ಗಂಟೆ ನೆನೆಸಿ, ಸೋಸಿ, 40 ಡಿಗ್ರಿ ಮೀರದಂತೆ ಆರಿಸುವುದು. ಒಣಸಾರವನ್ನು ದ್ರಾವಕವಾದ ಡಿಎಂಎಸ್‌ಒನಲ್ಲಿ ಮಿ.ಲೀ.ಗೆ 10 ಮಿ.ಗ್ರಾಂ ಕರಗಿಸಿದ್ದೇವೆ. ಪ್ಲೇಟಿನ ಒಂದೊಂದು ಗುಂಡಿಗೆ 6.8 ಪಿಎಚ್‌ನ ಫಾಸ್ಫೇಟ್ ಬಫರ್ 156 ಮೈಕ್ರೋಲೀಟರ್, ಸಾರ 4, ಅಣಬೆಯ ಟೈರೋಸಿನೇಸ್ 20. ಹತ್ತು ನಿಮಿಷ ಬಿಟ್ಟು ಎಲ್-ಡೋಪಾ (ಕಿಣ್ವ ಬಣ್ಣವಾಗಿಸುವ ವಸ್ತು) 20. ಓದುವುದು 475 ನ್ಯಾನೋಮೀಟರಿನಲ್ಲಿ. ಡೋಪಾ ಆಯಾ ದಿನದ್ದೇ. ಕೆಂಪು ತಿರುಗಿದ್ದನ್ನು ಚೆಲ್ಲುತ್ತೇವೆ. ಹೋಲಿಕೆಗೆ ಇಟ್ಟ ಕೋಜಿಕ್ ಆಮ್ಲದ ಫಲಿತಾಂಶ ಪ್ರತಿಸಲವೂ ಸರಿಯಾಗಿದೆ.

ತೊಂದರೆ ಸಾರದ್ದು. ಕೊನೆಯ ಪ್ರಮಾಣ ಮಿ.ಲೀ.ಗೆ 200 ಮೈಕ್ರೋಗ್ರಾಂ ಮುಟ್ಟುತ್ತಿದ್ದಂತೆ ಗುಂಡಿ ಅಕ್ಕಿ ತೊಳೆದ ನೀರಿನಂತಾಗುತ್ತದೆ. ಗ್ಲಾಬ್ರಿಡಿನ್ ನೀರಿನಲ್ಲಿ ಕರಗದು. ಮಬ್ಬು ಬೆಳಕನ್ನು ಚದುರಿಸಿ, ತಡೆಯುವ ಶಕ್ತಿ ಕಡಿಮೆಯೆಂದು ತೋರುತ್ತದೆ. ಕಿಣ್ವವಿಲ್ಲದ ಗುಂಡಿಯ ಅಂಕಿ ಕಳೆದರೂ ಮೂರು ಗುಂಡಿಗೆ ಮೂರು ಉತ್ತರ. ಡಿಎಂಎಸ್‌ಒ 2% ಇದೆ, ಏರಿಸಿದರೆ ಕಿಣ್ವಕ್ಕೇ ಪೆಟ್ಟು.

ಸಾರ ಕರಗಿರಲೆಂದು ಟ್ವೀನ್ 20 (ಸಾಬೂನಿನಂಥ ದ್ರವ) ಎಷ್ಟು ಹಾಕಬಹುದು? 650ರಲ್ಲೂ ಓದಿ ಮಬ್ಬನ್ನು ಕಳೆದವರಿದ್ದೀರಾ?

ಇನ್ನೊಂದು: ಚಿಕ್ಕಪೇಟೆ ಕಡೆಯ ಗ್ರಂಥಿಗೆ ಅಂಗಡಿಗಳಲ್ಲಿ ಸಿಪ್ಪೆ ಹೆರೆಯದ ಬೇರು ಸಿಗುವ ಜಾಗ ತಿಳಿಸಿ. ಗ್ಲಾಬ್ರಿಡಿನ್ ಹೆಚ್ಚಿರುವುದು ಹೊರಪದರದಲ್ಲೇ. ಹೆಬ್ಬಾಳ, ಯಲಹಂಕದ ಸುತ್ತ ಗ್ಲಾಬ್ರಿಡಿನ್ ಎಷ್ಟಿದೆಯೆಂದು ಅಳೆಯಲು 280 ನ್ಯಾನೋಮೀಟರಿನಲ್ಲಿ ಎಚ್‌ಪಿಎಲ್‌ಸಿ ಓಡಿಸಿಕೊಡುವವರಿದ್ದರೂ ಹೇಳಿ, ಶುಲ್ಕ ಕೊಡುತ್ತೇವೆ.