ಅಪ್‌ಡೇಟ್: ಹೊಟ್ಟೆಯ ವ್ಯಾಯಾಮದ ಆ ಮುಜುಗರ

ಜಿಮ್‌ನಲ್ಲಿ ಕಂಬಿಗೆ ಜೋತು ಮಂಡಿ ಎತ್ತುವಾಗ, ಹನ್ನೆರಡನೆಯ ಸಲದ ಹೊತ್ತಿಗೆ, ಬೇಡವೆಂದರೂ ಕಾಮೋದ್ರೇಕವಾಗುತ್ತದೆ, ಇದು ಕಾಯಿಲೆಯೇ ಎಂದು ಹೋದ ತಿಂಗಳು ಕೇಳಿದ್ದೆ. ಮೂವತ್ತನಾಲ್ಕರ ಹೆಂಗಸು ನಾನು. ಕೇಳುವುದಕ್ಕೇ ಮೂರು ವಾರ ಹಿಡಿದಿತ್ತು.

ಕೊನೆಗೆ ಸ್ತ್ರೀರೋಗ ತಜ್ಞೆಯನ್ನು ಕಂಡೆ. ನನ್ನ ಮಾತು ಗಂಟಲಲ್ಲೇ ಸಿಕ್ಕಿಕೊಂಡಾಗ ಅವರೇ, "ಹೊಟ್ಟೆಯ ವ್ಯಾಯಾಮದಲ್ಲಿ ತಾನೇ?" ಎಂದರು. ಅರ್ಧ ಭಾರ ಅಲ್ಲೇ ಇಳಿಯಿತು. ಕಾಯಿಲೆಯಲ್ಲವಂತೆ. ಕೆಳಹೊಟ್ಟೆ ದಣಿದಾಗ ಶ್ರೋಣಿಯ ತಳದ, ಅಂದರೆ ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಹಿಡಿದಿಡುವ, ಸ್ನಾಯುಗಳೂ ಬಿಗಿಯುವುದು ಕಾರಣವಿರಬಹುದು. ಮನಸ್ಸಿನಲ್ಲಿ ಅಂಥ ಯೋಚನೆ ಇರಬೇಕೆಂದೇನೂ ಇಲ್ಲ. ಅಮೆರಿಕದ ಲೈಂಗಿಕತೆಯ ಸಂಶೋಧಕ ಕಿನ್ಸಿ 1953ರಲ್ಲೇ ಇದನ್ನು ದಾಖಲಿಸಿದ್ದರು. ಇಂಡಿಯಾನಾ ವಿಶ್ವವಿದ್ಯಾಲಯದ ಡೆಬಿ ಹರ್ಬೆನಿಕ್ ಅವರ ಸಮೀಕ್ಷೆಯಲ್ಲೂ ನನ್ನಂಥವರು ನೂರಾರು ಮಂದಿ!

ಈಗ ಎಂಟಕ್ಕೇ ಇಳಿದುಬಿಡುತ್ತೇನೆ. ತರಬೇತುದಾರ "ಇನ್ನೆರಡು, ಮೇಡಂ" ಎನ್ನುತ್ತಾನೆ. ನಾನು ನೀರಿನ ಬಾಟಲಿ ಹುಡುಕಲು ಹೊರಡುತ್ತೇನೆ.