ಒಳ್ಳೆಯ ಸ್ಪೀಕರ್‌ನಲ್ಲಿ ಹಳೆಯ ರೆಕಾರ್ಡಿಂಗ್ ಕಿವಿಗೆ ಚುಚ್ಚುತ್ತಿದೆ

ಪ್ರಶ್ನೆ

ಆಂಪ್, ಡ್ಯಾಕ್ (ಡಿಜಿಟಲ್ ಫೈಲನ್ನು ಆಂಪ್‌ಗೆ ಬೇಕಾದ ಅನಲಾಗ್ ಸಂಕೇತವಾಗಿಸುವ ಪೆಟ್ಟಿಗೆ), ಬುಕ್‌ಶೆಲ್ಫ್ ಸ್ಪೀಕರ್ ಮೂರೂ ಹೊಸವು. ಚೆನ್ನಾಗಿ ಮುದ್ರಿಸಿದ ಹಾಡುಗಳ ಬಗ್ಗೆ ಎರಡು ಮಾತಿಲ್ಲ. ಆದರೆ 78 ಆರ್‌ಪಿಎಂ ತಟ್ಟೆ, ಕ್ಯಾಸೆಟ್‌ಗಳಿಂದ ಇಳಿಸಿಕೊಂಡ 128 ಕೆಬಿಪಿಎಸ್ ಎಂಪಿ3 ಹಾಕಿದರೆ 'ಸ', 'ಶ' ಬಂದಲ್ಲೆಲ್ಲ ಸೂಜಿ ಚುಚ್ಚಿದಂತಾಗುತ್ತದೆ. ಹಳೆಯ ಸಾದಾ ಸೆಟ್‌ನಲ್ಲಿ ಹೀಗಿರಲಿಲ್ಲ. ಉಪಕರಣ ಒಳ್ಳೆಯದಾದಷ್ಟೂ ಕೆಟ್ಟ ರೆಕಾರ್ಡಿಂಗ್ ಕೇಳಲಾಗದಂತಾಗುತ್ತದೆಯೇ?

ಉತ್ತರ 1

ಆಗಬಾರದು. ದೋಷ ಕೇಳಿಸುವುದು ಬೇರೆ, ಚುಚ್ಚುವುದು ಬೇರೆ. ಹಳೆಯ ಸೆಟ್‌ನಲ್ಲಿ 8-10 ಕಿಲೋಹರ್ಟ್ಸ್ ದಾಟಿದ ಮೇಲೆ ಟ್ರೆಬಲ್ (ತೀಕ್ಷ್ಣ ಸ್ವರ) ಇಳಿದುಹೋಗುತ್ತಿದ್ದಿರಬೇಕು, ಟೇಪಿನ ಸುಯ್ ಸದ್ದು ಅದರಲ್ಲೇ ಮುಚ್ಚಿಹೋಗಿತ್ತು. ಸಮತಟ್ಟಾದ ರೆಸ್ಪಾನ್ಸ್ ಇರುವ, ಅಂದರೆ ಎಲ್ಲ ಸ್ವರಗಳನ್ನೂ ಒಂದೇ ಮಟ್ಟದಲ್ಲಿ ನುಡಿಸುವ ಸ್ಪೀಕರ್‌ನಲ್ಲಿ ಆ ಸದ್ದು ತೆಳು ಪರದೆಯ ಹಾಗೆ ಹಿಂದೆ ನಿಲ್ಲುತ್ತದೆ, ದನಿ ಅದರ ಮುಂದೆ ಬಿಡಿಯಾಗಿ ಕೇಳುತ್ತದೆ. ಚುಚ್ಚುತ್ತಿದೆ ಎಂದರೆ ಹೆಚ್ಚಿನ ಸಲ 3ರಿಂದ 9 ಕಿಲೋಹರ್ಟ್ಸ್ ನಡುವೆ ರೆಕಾರ್ಡಿಂಗಿನ ಉಬ್ಬಿನ (ಬೇಕಾದ್ದಕ್ಕಿಂತ ಜೋರಾದ ಭಾಗದ) ಮೇಲೆ ಸ್ಪೀಕರಿನದೋ ಕೋಣೆಯದೋ ಇನ್ನೊಂದು ಉಬ್ಬು ಕೂತಿರುತ್ತದೆ.

ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಪರೀಕ್ಷೆಯ ಸದ್ದು) ಫೈಲನ್ನು ಮೊನೊದಲ್ಲಿ (ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು), ಮಾತಾಡುವಷ್ಟೇ ದನಿಯಲ್ಲಿ ಹಾಕಿ. ಒಂದೇ ಸಮನೆ ಸುರಿಯುವ ಮಳೆಯಂತಿರಬೇಕು. ಅದರೊಳಗಿಂದ 'ಶೀ' ಎಂಬ ಎಳೆಯೊಂದು ಎದ್ದು ಬಂದರೆ ತಪ್ಪು ರೆಕಾರ್ಡಿಂಗಿನದಷ್ಟೇ ಅಲ್ಲ.

ಆಗ ಸ್ಪೀಕರ್ ಮುಖವನ್ನು ಕಿವಿಯಿಂದ 15-20 ಡಿಗ್ರಿ ಹೊರಕ್ಕೆ ತಿರುಗಿಸಿ. ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋಗಿ, ಕೂತ ಜಾಗದಿಂದ ಟ್ವೀಟರ್ (ತೀಕ್ಷ್ಣ ಸ್ವರ ನುಡಿಸುವ ಸಣ್ಣ ಘಟಕ) ಕಾಣುವ ಕಡೆ 5-10 ಸೆಂ.ಮೀ. ದಪ್ಪದ ಅಬ್ಸಾರ್ಬರ್ (ಸದ್ದು ಹೀರುವ ಫಲಕ) ಇಡಿ. ಈಕ್ವಲೈಸರ್ ಮುಟ್ಟುವುದು ಇದಾದ ಮೇಲೆ: ವಾಲ್ಯೂಮ್ ಇಳಿಸಿ, ಕ್ಯೂ (ಮುಟ್ಟುವ ಪಟ್ಟಿಯ ಅಗಲ; ಅಂಕಿ ಹೆಚ್ಚಿದಷ್ಟೂ ಪಟ್ಟಿ ಕಿರಿದು) 4, +6 ಡಿಬಿ ಕೊಟ್ಟು 3ರಿಂದ 9 ಕಿಲೋಹರ್ಟ್ಸ್‌ವರೆಗೆ ನಿಧಾನ ಸರಿಸಿ. ಎಲ್ಲಿ ಸಹಿಸಲಾಗದೋ ಅಲ್ಲಿ ಕ್ಯೂ 1.5, -3 ಡಿಬಿ ಮಾಡಿ.

ಉತ್ತರ 2

ಮೂಲದ ತಪ್ಪುಗಳನ್ನೂ ನೋಡಿ. 78ರ ತಟ್ಟೆಯನ್ನು ಸ್ಟೀರಿಯೊದಲ್ಲಿ ಇಳಿಸಿದ್ದರೆ ಎರಡೂ ಚಾನೆಲ್ ಕೂಡಿಸಿ ಮೊನೊ ಮಾಡಿ. ಮುಳ್ಳಿನ ಮೇಲೆ-ಕೆಳಗಿನ ಚಲನೆಯಿಂದ ಬರುವ ಕರಕರ ಅಲ್ಲೇ ವಜಾ ಆಗುತ್ತದೆ. ಎಲ್‌ಪಿಯ 18 ಮೈಕ್ರಾನ್ ಮುಳ್ಳಿನಲ್ಲಿ ನುಡಿಸಿದ್ದರೆ ಮಾತ್ರ ಮತ್ತೆ ಇಳಿಸಲೇಬೇಕು. 78ರ ಗೀರಿಗೆ ಸುಮಾರು 75 ಮೈಕ್ರಾನ್ ಮುಳ್ಳು ಬೇಕು, ಸಣ್ಣದು ಗೀರಿನ ತಳದ ಕೊಳೆಯಲ್ಲಿ ಓಡುತ್ತದೆ.

ಕ್ಯಾಸೆಟ್ಟನ್ನು ಡಾಲ್ಬಿ ಬಿಯಲ್ಲಿ (ಮುದ್ರಿಸುವಾಗ ಮೆಲ್ಲಗಿನ ಟ್ರೆಬಲ್ ಏರಿಸಿ, ನುಡಿಸುವಾಗ ಇಳಿಸಿ ಟೇಪಿನ ಸುಯ್ ಸದ್ದು ತಗ್ಗಿಸುವ ವ್ಯವಸ್ಥೆ) ಮುದ್ರಿಸಿ ಡಾಲ್ಬಿ ಇಲ್ಲದೆ ನುಡಿಸಿದ್ದರೆ ಮೆಲ್ಲಗಿನ ಟ್ರೆಬಲ್ ಸುಮಾರು 10 ಡಿಬಿವರೆಗೆ ಉಬ್ಬಿರುತ್ತದೆ. ಆ ಉಬ್ಬು ದನಿಯ ಏರಿಳಿತಕ್ಕೆ ತಕ್ಕಂತೆ ಬದಲಾಗುವುದರಿಂದ ಈಕ್ವಲೈಸರ್‌ಗೆ ಸಿಗುವುದಿಲ್ಲ. ಮೊದಲು ಹೆಡ್‌ನ ಅಜಿಮತ್ (ಟೇಪಿಗೆ ಹೆಡ್ ನಿಂತಿರುವ ಕೋನ) ಸರಿಮಾಡಿ, ಆಮೇಲೆ ಡಾಲ್ಬಿ ಹಾಕಿ ಮತ್ತೆ ಇಳಿಸಿ. ಅಜಿಮತ್ ತಪ್ಪಿದ್ದರೆ, ಉಳಿದಿದ್ದ ಟ್ರೆಬಲನ್ನೂ ಡಾಲ್ಬಿ ನುಂಗುತ್ತದೆ.

128 ಕೆಬಿಪಿಎಸ್‌ನಲ್ಲಿ ತಾಳದ ಸದ್ದು ನೀರಲ್ಲಿ ಕಲಸಿದಂತಾಗಿದ್ದರೆ ಅದಕ್ಕೆ ಮದ್ದಿಲ್ಲ, ಫ್ಲ್ಯಾಕ್‌ಗೆ (ನಷ್ಟವಿಲ್ಲದ ಫೈಲ್ ಬಗೆ) ಬದಲಿಸಿದರೂ ಅಷ್ಟೇ. ಆದರೆ ಪ್ಲೇಯರ್‌ನ ಪ್ರಿಆಂಪನ್ನು (ಒಟ್ಟು ಮಟ್ಟದ ಹಿಡಿತ) -3 ಡಿಬಿಗೆ ಇಳಿಸಿ ನೋಡಿ. ಗಟ್ಟಿಯಾಗಿ ಮಾಸ್ಟರ್ ಮಾಡಿದ ಎಂಪಿ3 ಡಿಕೋಡ್ ಆಗುವಾಗ ಶೂನ್ಯ ಮಟ್ಟ (ಡಿಜಿಟಲ್‌ನ ಗರಿಷ್ಠ ಮಿತಿ) ದಾಟಿ ಕ್ಲಿಪ್ ಆಗುವುದುಂಟು, ಅಂದರೆ ಅಲೆಯ ತುದಿ ಕತ್ತರಿಸಿಹೋಗುವುದುಂಟು.

ಪ್ರಶ್ನೆ ಕೇಳಿದವರು

ಸ್ಪೀಕರ್ ತಿರುಗಿಸಿದ್ದರಿಂದಲೇ ಅರ್ಧ ಇಳಿಯಿತು. ಉಬ್ಬು 6.5 ಕಿಲೋಹರ್ಟ್ಸ್ ಹತ್ತಿರ ಸಿಕ್ಕಿತು. -3 ಡಿಬಿ ಕೊಟ್ಟರೆ ಹಳೆಯ ಹಾಡು ಹಿತವಾಗಿದೆ, ಒಳ್ಳೆಯ ರೆಕಾರ್ಡಿಂಗ್ ಮಂಕಾಯಿತು.

ಉತ್ತರ 1

ಹಾಗಾದರೆ ಆ 3 ಡಿಬಿಯಲ್ಲಿ ಒಂದು ಪಾಲು ಮಾತ್ರ ಸ್ಪೀಕರಿನದು. ಸ್ಪೀಕರ್ ಪಾಲು ಸರಿಹೋದರೆ ಒಳ್ಳೆಯ ರೆಕಾರ್ಡಿಂಗೂ ಸುಧಾರಿಸಬೇಕು. ಕ್ಯೂ 3, -1.5 ಡಿಬಿ ಎಲ್ಲದಕ್ಕೂ ಕಾಯಂ ಇಡಿ. ಉಳಿದ 1.5 ಡಿಬಿ ಹಳೆಯ ಫೈಲುಗಳ ಬೇರೆ ಪ್ರಿಸೆಟ್‌ಗೆ ಹೋಗಲಿ. ಹೋಲಿಸುವಾಗ ಎರಡರ ಮಟ್ಟ 0.2 ಡಿಬಿಯೊಳಗೆ ಸಮ ಇರಲಿ, ಮೆಲ್ಲಗಿರುವುದೇ ಮಂಕಾಗಿ ಕೇಳುತ್ತದೆ.